ನಿಮಗಿದು ಗೊತ್ತೇ? ಬಾಗಿಲಲ್ಲಿ ಕೂತ ಒಗಟು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯೊಂದರ ಮೇಲೆ ಒಬ್ಬ ಮನುಷ್ಯ, ಊರಿನವರು ಓದಲಾರದ ಲಿಪಿಯಲ್ಲಿ ತನ್ನ ಗುರುತು ಬಿಟ್ಟು ಹೋಗಿದ್ದಾನೆ. ನಿಮಗಿದು ಗೊತ್ತೇ? ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಶಾಸನ ಅದು. 1892ರಲ್ಲಿ ಬಿ.ಎಲ್. ರೈಸ್ ಅದನ್ನೂ ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನೂ ಬೆಳಕಿಗೆ ತಂದರು. ಬರಹವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಗೆ ಬರೆದವನ ಹೆಸರು: ಚಪಡ. ಅದರ ಬೆನ್ನಿಗೇ ‘ಲಿಪಿಕಾರ’ ಎಂದು ಹೇಳುವ ಒಂದೇ ಒಂದು ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಅಂದಿನ ಇಸಿಲ ಪಟ್ಟಣದಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ ಇದ್ದಾರು? ಹೆಸರು ಹಾಕು ಎಂದು ಅರಸ ಹೇಳಿದ ಮಾತು ಶಾಸನದಲ್ಲೆಲ್ಲೂ ಇಲ್ಲ. ಹಾಕಿದ್ದು ಚಪಡನ ಇಷ್ಟ.

ಅದೇ ತಾಲ್ಲೂಕಿನಲ್ಲಿ ಇಂದು ಫೋನು ತೆರೆದು ಕೂತವರ ಮುಂದೆ ಬೇರೆ ಬಗೆಯ ಸೊಟ್ಟ ಅಕ್ಷರಗಳು ಬರುತ್ತವೆ. ಓದಿ ಬರೆದು ತೋರಿಸಿದರೆ ಮಾತ್ರ ನೀವು ಮನುಷ್ಯರೆಂದು ತಾಣಗಳು ನಂಬುತ್ತವೆ. ರೈಲು ಟಿಕೆಟಿಗೆ ಐಆರ್‌ಸಿಟಿಸಿ ಒಳಹೊಕ್ಕರೆ ಅದು, ಆಧಾರ್ ತಿದ್ದಲು ಹೋದರೆ ಅದು, ಕೋರ್ಟಿನಲ್ಲಿ ಜಮೀನಿನ ಕೇಸು ಎಲ್ಲಿಗೆ ಬಂತೆಂದು ನೋಡಲು ಹೋದರೂ ಅದು. ಅದರ ಹೆಸರು ಕ್ಯಾಪ್ಚಾ. ಈ ಸಲದ ಅಂಕಣ ಅದರ ಮೇಲೆ. ಅದರಲ್ಲೂ, ತಮ್ಮ ಗುರುತನ್ನು ತಾವೇ ಕಾಪಾಡಿಕೊಳ್ಳಬೇಕೆಂದು ಟಾರ್‌ನಂಥ ಬ್ರೌಸರ್ ಹಿಡಿದವರು ಈ ಒಗಟಿನ ಮುಂದೆ ಪಡುವ ಪಾಡಿನ ಮೇಲೆ.

ಕ್ಯಾಪ್ಚಾ ಎಂಬುದು ಒಂದು ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಮಾಡಿದ ಪದ. ‘ಯಂತ್ರ ಯಾರು, ಮನುಷ್ಯ ಯಾರು ಎಂದು ಬೇರ್ಪಡಿಸುವ, ತಾನೇ ತಾನಾಗಿ ನಡೆಯುವ ಸಾರ್ವಜನಿಕ ಟ್ಯೂರಿಂಗ್ ಪರೀಕ್ಷೆ’ ಎಂದು ಅದರ ಅರ್ಥ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ಫಾನ್ ಆನ್, ಮ್ಯಾನುಯೆಲ್ ಬ್ಲಮ್, ನಿಕೊಲಸ್ ಹಾಪರ್ ಮತ್ತು ಅವರ ಜೊತೆಗಾರ ಜಾನ್ ಲ್ಯಾಂಗ್‌ಫರ್ಡ್ ಇಟ್ಟ ಹೆಸರು. ಅಲನ್ ಟ್ಯೂರಿಂಗ್ 1950ರಲ್ಲಿ ಬರೆದ ಪ್ರಬಂಧದಲ್ಲಿ ಎದುರಿಗಿರುವುದು ಯಂತ್ರವೋ ಮನುಷ್ಯನೋ ಎಂದು ತೀರ್ಮಾನಿಸುವವನು ಮನುಷ್ಯ. ಇಲ್ಲಿ ತೀರ್ಮಾನಿಸುವುದೇ ಯಂತ್ರ.

ಈ ಒಗಟು ಏಕೆ ಬೇಕು ಎಂಬುದಕ್ಕೆ ಅದನ್ನು ಮಾಡಿದವರೇ ಕೊಟ್ಟ ಉದಾಹರಣೆ ಒಂದು ಚುನಾವಣೆ ಎಂದರೆ ನಂಬುತ್ತೀರಾ? 1999ರ ನವೆಂಬರಿನಲ್ಲಿ ಸ್ಲ್ಯಾಶ್‌ಡಾಟ್ ಎಂಬ ತಾಣ, ಕಂಪ್ಯೂಟರ್ ವಿಜ್ಞಾನ ಕಲಿಯಲು ಯಾವ ವಿದ್ಯಾಸಂಸ್ಥೆ ಒಳ್ಳೆಯದು ಎಂದು ಜನರ ಮತ ಕೇಳಿತು. ಕಾರ್ನೆಗಿ ಮೆಲನ್‌ನ ವಿದ್ಯಾರ್ಥಿಗಳು ಮತ ಹಾಕುವ ಪ್ರೋಗ್ರಾಮ್ ಬರೆದರು. ಮರುದಿನ ಎಂಐಟಿಯವರೂ ಬರೆದರು. ಕೊನೆಗೆ ಎಂಐಟಿಗೆ 21,156, ಕಾರ್ನೆಗಿ ಮೆಲನ್‌ಗೆ 21,032, ಉಳಿದ ಯಾರಿಗೂ ಸಾವಿರ ಮತವಿಲ್ಲ. ಕಳ್ಳಮತ ಹಾಕಿದ್ದು ಯಂತ್ರ. ಅಂಥದ್ದನ್ನು ತಡೆಯಲು ನಿಂತ ಕಾವಲುಗಾರ ಇಂದು ನಿಲ್ಲಿಸಿ ಪ್ರಶ್ನಿಸುತ್ತಿರುವುದು ಮನುಷ್ಯರನ್ನು.

ಅದಕ್ಕೂ ಮೊದಲು, 1997ರ ಸುಮಾರಿಗೆ, ಆಲ್ಟಾವಿಸ್ಟಾ ಎಂಬ ಹುಡುಕುತಾಣದಲ್ಲಿ ಆಂಡ್ರೇ ಬ್ರೋಡರ್ ಮತ್ತು ಜೊತೆಗಾರರು ಸೊಟ್ಟ ಅಕ್ಷರಗಳ ಉಪಾಯ ಮಾಡಿದ್ದರು. ಸ್ಕ್ಯಾನರ್ ಒಂದರ ಕೈಪಿಡಿಯಲ್ಲಿ ‘ಚೆನ್ನಾಗಿ ಓದಿಸಬೇಕಾದರೆ ಹೀಗೆ ಮಾಡಬೇಡಿ’ ಎಂದು ಬರೆದಿದ್ದ ಸೂಚನೆಗಳನ್ನೆಲ್ಲ ಬೇಕೆಂದೇ ಉಲ್ಟಾ ಪಾಲಿಸಿ ಅಕ್ಷರ ಕೆಡಿಸಿದರು. ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಅಚ್ಚು, ಓರೆ ಸಾಲು, ಗಲೀಜು ಹಿನ್ನೆಲೆ.

ನೀವು ಎಂದೋ ಓದಿ ಬರೆದ ಸೊಟ್ಟ ಪದವೊಂದು ನ್ಯೂಯಾರ್ಕ್ ಟೈಮ್ಸ್‌ನ ಹಳೆಯ ಸಂಚಿಕೆಯದ್ದಿರಬಹುದು. 2007ರಲ್ಲಿ ಬಂದ ರೀಕ್ಯಾಪ್ಚಾ ಎರಡು ಪದ ತೋರಿಸುತ್ತಿತ್ತು. ಒಂದರ ಉತ್ತರ ಅದಕ್ಕೆ ಗೊತ್ತು, ಇನ್ನೊಂದು ಹಳೆಯ ಪತ್ರಿಕೆಯಲ್ಲೋ ಪುಸ್ತಕದಲ್ಲೋ ಯಂತ್ರಕ್ಕೆ ಓದಲು ಬಾರದೆ ಉಳಿದದ್ದು. ಹೀಗೆ ಒಂದೇ ವರ್ಷದಲ್ಲಿ 44 ಕೋಟಿಗೂ ಹೆಚ್ಚು ಪದಗಳನ್ನು ಜನ ಓದಿಕೊಟ್ಟರು. 2009ರಲ್ಲಿ ಗೂಗಲ್ ಅದನ್ನು ಕೊಂಡಿತು. ಮುಂದೆ ಮನೆ ಸಂಖ್ಯೆಯ ಫಲಕಗಳು ಬಂದವು, ಆಮೇಲೆ ಬಸ್ಸು, ಸೇತುವೆ, ಸಿಗ್ನಲ್ ಕಂಬ. ಆ ಕೂಲಿಯಿಲ್ಲದ ಕೆಲಸದಲ್ಲಿ ಹಳೆಯ ಕನ್ನಡ ಪುಸ್ತಕದ ಒಂದು ಸಾಲೂ ಡಿಜಿಟಲ್ ಆಗಲಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಉಳಿದ ಕೊರಗು. ನಮ್ಮ ಲಿಪಿಗೆ ‘ಲಿಪಿ ಜ್ಞಾನಿ’ ಎಂಬ ಓದುಯಂತ್ರ ಕೊಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯ. ಅದೇ ಸಂಸ್ಥೆಯ ಎರಡನೇ ಆವರಣ ಇರುವುದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ, ಸುಮಾರು 1,500 ಎಕರೆಯಲ್ಲಿ.

ಈಗ ಟಾರ್ ವಿಷಯಕ್ಕೆ ಬರೋಣ.

ಟಾರ್ ಎಂಬ ಹೆಸರಿನೊಳಗೆ ಈರುಳ್ಳಿ ಇದೆ. ‘ಈರುಳ್ಳಿಯ ಹಾಗೆ ಪದರ ಪದರವಾಗಿ ದಾರಿ ತೋರುವುದು’ ಎಂಬುದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಟಾರ್. ಈರುಳ್ಳಿ ಬೆಳೆಯುವ ಚಳ್ಳಕೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀವು ಕಳುಹಿಸುವ ಕೋರಿಕೆಗೆ ಮೂರು ಸುತ್ತು ಗೂಢಲಿಪಿಯ ಸಿಪ್ಪೆ. ದಾರಿಯಲ್ಲಿ ಸ್ವಯಂಸೇವಕರು ನಡೆಸುವ ಮೂರು ಕಂಪ್ಯೂಟರುಗಳು, ಒಂದೊಂದೂ ಒಂದೊಂದು ಸಿಪ್ಪೆ ಸುಲಿಯುತ್ತದೆ. ಮೊದಲನೆಯದಕ್ಕೆ ನೀವು ಎಲ್ಲಿಂದ ಬಂದಿರೆಂದು ಗೊತ್ತು, ಎಲ್ಲಿಗೆ ಹೊರಟಿರೆಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ.

ಇದನ್ನು ಕಂಡುಹಿಡಿದದ್ದು ಯಾರೆಂದು ಊಹಿಸಿ. ಅಮೆರಿಕದ ನೌಕಾಪಡೆಯ ಸಂಶೋಧನಾಲಯ! 1990ರ ದಶಕದ ನಡುವೆ ಪಾಲ್ ಸೈವರ್‌ಸನ್, ಡೇವಿಡ್ ಗೋಲ್ಡ್‌ಶ್ಲಾಗ್, ಮೈಕೆಲ್ ರೀಡ್ ಎಂಬ ಮೂವರು ಇದರ ಮೂಲ ಕಲ್ಪನೆ ಕೊಟ್ಟರು. ಆಮೇಲೆ ರಾಜರ್ ಡಿಂಗಲ್‌ಡೈನ್ ಮತ್ತು ನಿಕ್ ಮ್ಯಾಥ್ಯೂಸನ್ ಅದನ್ನು ಟಾರ್ ಆಗಿ ಬೆಳೆಸಿದರು. 2006ರಲ್ಲಿ ಟಾರ್ ಪ್ರಾಜೆಕ್ಟ್ ಎಂಬ ಲಾಭರಹಿತ ಸಂಸ್ಥೆಯಾಯಿತು. ಚಳ್ಳಕೆರೆಯವರು 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಒ ವಿಮಾನ ಪರೀಕ್ಷಾ ಕೇಂದ್ರದ ಬೇಲಿಯನ್ನು ಹೊರಗಿನಿಂದ ನೋಡಿ ಬಲ್ಲರು. ರಕ್ಷಣಾ ಸಂಶೋಧನೆ ಎಂದರೆ ಸಾಮಾನ್ಯವಾಗಿ ಬೇಲಿಯೊಳಗಿನ ಸಂಗತಿ. ಹಾಗಿದ್ದರೂ ಇದನ್ನೇಕೆ ಎಲ್ಲರಿಗೂ ಬಿಟ್ಟುಕೊಟ್ಟರು?

ಉತ್ತರ ನಾಯಕನಹಟ್ಟಿಯ ಜಾತ್ರೆಯಲ್ಲಿದೆ. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥ ಎಳೆಯುವ ದಿನ, ಕೊಬ್ಬರಿ ಸುಡುವ ಹೊಗೆಯ ನಡುವೆ, ಆ ಜನಸಾಗರದಲ್ಲಿ ಯಾರು ಯಾರೆಂದು ಗುರುತು ಹಿಡಿಯುವುದು ಯಾರಿಂದಲೂ ಆಗದು. ಅದೇ ಬಯಲಿನಲ್ಲಿ ಮಾಮೂಲಿ ದಿನ ಒಬ್ಬನೇ ನಡೆದರೆ? ಎಲ್ಲರ ಕಣ್ಣೂ ಅವನ ಮೇಲೆ. ನೌಕಾಪಡೆಯವರು ಮಾತ್ರ ಟಾರ್ ಬಳಸಿದ್ದರೆ ಬಳಸಿದವರೆಲ್ಲ ನೌಕಾಪಡೆಯವರೆಂದು ಮೊದಲ ನೋಟಕ್ಕೇ ತಿಳಿಯುತ್ತಿತ್ತು. ಗುರುತು ಮರೆಯಾಗಲು ಗುಂಪು ಬೇಕು, ಆ ಗುಂಪಿನಲ್ಲಿ ಪತ್ರಕರ್ತ, ವಿದ್ಯಾರ್ಥಿ, ವಕೀಲ, ಗೃಹಿಣಿ, ಪೊಲೀಸ್ ಎಲ್ಲರೂ ಇರಬೇಕು.

ಜಾತ್ರೆಯಲ್ಲಿ ಜೇಬುಗಳ್ಳರೂ ಇರುತ್ತಾರೆ. ಕ್ಯಾಪ್ಚಾದ ಕಾಟ ಶುರುವಾಗುವುದು ಅಲ್ಲಿಂದಲೇ. ದಿನಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಟಾರ್ ಬಳಸುತ್ತಾರೆ. 2011ರ ಜನಗಣತಿಯಲ್ಲಿ ಇಡೀ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16 ಲಕ್ಷ 59 ಸಾವಿರ, ಅದಕ್ಕಿಂತಲೂ ಹೆಚ್ಚು. ಅಷ್ಟು ಜನ ಹೊರಬರುವ ಕೊನೆಯ ಬಾಗಿಲುಗಳು ಮಾತ್ರ ಸುಮಾರು ಒಂದೆರಡು ಸಾವಿರ. ಆ ಬಾಗಿಲುಗಳ ಐಪಿ ವಿಳಾಸದ, ಅಂದರೆ ಅಂತರ್ಜಾಲದಲ್ಲಿ ಅವುಗಳ ಗುರುತಿನ ಸಂಖ್ಯೆಯ, ಪಟ್ಟಿಯನ್ನು ಟಾರ್ ಪ್ರಾಜೆಕ್ಟ್ ತಾನೇ ಬಹಿರಂಗವಾಗಿ ಪ್ರಕಟಿಸುತ್ತದೆ. ಒಂದು ಬಾಗಿಲಿನಿಂದ ಒಬ್ಬ ಬೇರೆಯವರ ಪಾಸ್‌ವರ್ಡ್ ಊಹಿಸುತ್ತಾ ಕೂತರೆ, ತಾಣದ ಕಾವಲು ಯಂತ್ರ ಆ ವಿಳಾಸಕ್ಕೇ ಕೆಟ್ಟ ಹೆಸರು ಕಟ್ಟುತ್ತದೆ. ಮುಂದಿನ ಕ್ಷಣ ಅದೇ ಬಾಗಿಲಿನಿಂದ ಬಂದ ನೂರಾರು ನಿರಪರಾಧಿಗಳಿಗೂ ಅದೇ ಹೆಸರು.

2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದನ್ನು ಅಳೆದು ನೋಡಿತು. ಜಗತ್ತಿನಲ್ಲಿ ಕನಿಷ್ಠ 13 ಲಕ್ಷ ಐಪಿ ವಿಳಾಸಗಳು ಟಾರ್‌ನಿಂದ ಬಂದವರಿಗೆ ಬಾಗಿಲನ್ನೇ ತೆರೆಯುತ್ತಿರಲಿಲ್ಲ. ಆಗಿನ ಜನಪ್ರಿಯ ಸಾವಿರ ತಾಣಗಳಲ್ಲಿ ಶೇ 3.67ರಷ್ಟು ಅವರನ್ನು ತಡೆಯುತ್ತಿದ್ದವು ಇಲ್ಲವೇ ಬೇರೆ ರೀತಿ ನಡೆಸಿಕೊಳ್ಳುತ್ತಿದ್ದವು.

ಅದೇ ವರ್ಷ ಮಾರ್ಚಿನಲ್ಲಿ, ಲಕ್ಷಾಂತರ ತಾಣಗಳಿಗೆ ಕಾವಲು ಒದಗಿಸುವ ಕ್ಲೌಡ್‌ಫ್ಲೇರ್ ಕಂಪನಿಯ ಮುಖ್ಯಸ್ಥ ಮ್ಯಾಥ್ಯೂ ಪ್ರಿನ್ಸ್ ಒಂದು ಲೆಕ್ಕ ಹೇಳಿದರು: ಟಾರ್ ಮೂಲಕ ತಮ್ಮಲ್ಲಿಗೆ ಬರುವ ಕೋರಿಕೆಗಳಲ್ಲಿ ಶೇ 94 ಕೇಡು ಬಗೆಯುವಂಥವು. ಲೆಕ್ಕದ ಆಧಾರವೇನು ಎಂದು ಟಾರ್ ಪ್ರಾಜೆಕ್ಟ್ ಮರುಪ್ರಶ್ನೆ ಹಾಕಿತು. ಎರಡೂ ಕಡೆಯ ಮಾತನ್ನು ಕೇಳಿ ನನಗನ್ನಿಸುವುದು ಇಷ್ಟು. ಯಂತ್ರವೊಂದು ಒಂದೇ ನಿಮಿಷದಲ್ಲಿ ಸಾವಿರ ಕೋರಿಕೆ ಕಳಿಸಬಲ್ಲದು, ಮನುಷ್ಯ ನಾಲ್ಕೈದು. ಕೋರಿಕೆಗಳನ್ನು ಎಣಿಸಿದರೆ ಕೇಡೇ ಹೆಚ್ಚು ಕಾಣುತ್ತದೆ. ಜನರನ್ನು ಎಣಿಸಿದರೆ ಚಿತ್ರ ಬದಲಾಗುತ್ತದೆ. ತಾಣ ನಡೆಸುವವರ ಭಯ ಸುಳ್ಳಲ್ಲ. ಆದರೆ ಅದರ ದಂಡ ತೆರುತ್ತಿರುವುದು ಆ ನಾಲ್ಕೈದು ಕೋರಿಕೆಯ ಮನುಷ್ಯ.

ಕ್ಯಾಪ್ಚಾ ಈಗ ನಿಮ್ಮ ಉತ್ತರಕ್ಕಿಂತ ನಿಮ್ಮ ನಡವಳಿಕೆಯನ್ನೇ ಹೆಚ್ಚು ನೋಡುತ್ತದೆ, ಗೊತ್ತೇ? 2014ರ ಕೊನೆಗೆ ‘ನಾನು ರೋಬೋಟ್ ಅಲ್ಲ’ ಎಂಬ ಚೌಕ ಬಂತು. 2018ರಲ್ಲಿ ಬಂದ ರೀಕ್ಯಾಪ್ಚಾದ ಮೂರನೇ ಆವೃತ್ತಿ ಒಗಟನ್ನೇ ಕೇಳುವುದಿಲ್ಲ, ಸದ್ದಿಲ್ಲದೆ 0.0ಯಿಂದ 1.0ವರೆಗೆ ಅಂಕ ಕೊಡುತ್ತದೆ. ನೀವು ಮೊದಲು ಎಲ್ಲೆಲ್ಲಿ ಹೋಗಿದ್ದಿರಿ, ಬ್ರೌಸರಿನಲ್ಲಿ ತಾಣಗಳು ಬಿಟ್ಟ ಗುರುತುಚೀಟಿ, ಅಂದರೆ ಕುಕೀ, ಯಾವುದು ಉಳಿದಿದೆ, ವಿಳಾಸ ಯಾವುದು, ಇಂಥ ಗುರುತುಗಳು ಅದಕ್ಕೆ ಆಧಾರ ಎನ್ನಲಾಗುತ್ತದೆ.

ಇದನ್ನು ಮೊಳಕಾಲ್ಮುರು ರೇಷ್ಮೆ ಸೀರೆಯಿಂದ ಅರ್ಥ ಮಾಡಿಕೊಳ್ಳಬಹುದು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಸೀರೆ ಅದು. ಪಳಗಿದ ಕಣ್ಣಿಗೆ ಅಂಚು, ಸೆರಗು, ಜರಿ, ಬುಟ್ಟಾ ಕಂಡರೆ ಸಾಕು, ಯಾವ ಮಗ್ಗದ್ದೆಂದು ಹೇಳಿಬಿಡುತ್ತಾರೆ, ಚೀಟಿ ನೋಡಬೇಕಿಲ್ಲ. ಬ್ರೌಸರಿಗೂ ಹೀಗೇ ಅಂಚು ಸೆರಗು ಇರುತ್ತದೆ: ಪರದೆಯ ಅಳತೆ, ಯಾವ ಯಾವ ಫಾಂಟ್, ಯಾವ ಭಾಷೆ, ಯಾವ ಸಮಯವಲಯ. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಪರೀಕ್ಷಿಸಿದಾಗ ಶೇ 83.6 ಬ್ರೌಸರುಗಳು ಬೇರೆ ಯಾವುದನ್ನೂ ಹೋಲದೆ ಒಂಟಿಯಾಗಿ ಗುರುತು ಸಿಕ್ಕವು. ಹೆಸರು, ಫೋನ್ ನಂಬರು ಒಂದೂ ಇಲ್ಲದೆ.

ಟಾರ್ ಬ್ರೌಸರ್ ಮಾಡುವುದು ಇದಕ್ಕೆ ತದ್ವಿರುದ್ಧ. ಎಲ್ಲರಿಗೂ ಒಂದೇ ಅಂಚಿನ ಸೀರೆ ಉಡಿಸುತ್ತದೆ. ಕಿಟಕಿಯ ಅಳತೆಯನ್ನು ನಿಗದಿತ ಅಳತೆಗಳಲ್ಲಿ ಹತ್ತಿರದ್ದಕ್ಕೆ ಇಳಿಸಿ ಸುತ್ತ ಬೂದು ಪಟ್ಟಿ ಬಿಡುತ್ತದೆ, ಸಮಯವಲಯವನ್ನು ಒಂದೇ ಮಾಡುತ್ತದೆ, ಮುಚ್ಚಿದೊಡನೆ ಕುಕೀಗಳನ್ನೆಲ್ಲ ಅಳಿಸುತ್ತದೆ. ಹಿಂದಿನ ನೆನಪು ಕೇಳುವ ಕಾವಲುಗಾರನ ಮುಂದೆ ನೆನಪೇ ಇಲ್ಲದ ಮನುಷ್ಯ ಬಂದು ನಿಂತ ಹಾಗೆ. ಅದಕ್ಕೇ ಅಂಕ ಕುಸಿಯುತ್ತದೆ. ಒಂದು ಒಗಟು ಬಿಡಿಸಿದರೆ ಮತ್ತೊಂದು, ಚಿತ್ರಗಳು ಒಂದೊಂದಾಗಿ ಮೆಲ್ಲಗೆ ಮಾಯವಾಗಿ ಮೆಲ್ಲಗೆ ಮೂಡುತ್ತವೆ, ಕೊನೆಗೆ ‘ಮತ್ತೆ ಪ್ರಯತ್ನಿಸಿ’.

ಈ ಅಂಕಣಕ್ಕೆಂದು ನಾನು ಎರಡು ವಾರ ಎಲ್ಲ ಕೆಲಸವನ್ನೂ ಟಾರ್ ಬ್ರೌಸರಿನಲ್ಲೇ ಮಾಡಿದೆ. ಓದಲು ಹೋದ ಕಡೆ ಹೆಚ್ಚಿನ ತೊಂದರೆ ಇಲ್ಲ. ಲಾಗಿನ್ ಮಾಡುವ ಕಡೆ ಮಾತ್ರ ಕೈ ಸೋತಿತು. ಒಂದು ರಾತ್ರಿ ನನ್ನದೇ ಖಾತೆಗೆ, ಸರಿಯಾದ ಪಾಸ್‌ವರ್ಡ್ ಕೊಟ್ಟು, ಬಸ್ಸು, ಸೈಕಲ್ಲು, ಮೆಟ್ಟಿಲು ಎಂದು ಆರಿಸುತ್ತಾ ಹದಿನೈದು ನಿಮಿಷ ಕಳೆದ ಮೇಲೆ ಖಾತೆಗೆ ತಾತ್ಕಾಲಿಕ ಬೀಗ ಬಿತ್ತು. ಅನುಮಾನಾಸ್ಪದ ಚಟುವಟಿಕೆ ಎಂಬ ಕಾರಣ. ಮರುದಿನ ಫೋನ್ ನಂಬರು ಕೊಟ್ಟ ಮೇಲೆ ಬೀಗ ತೆರೆಯಿತು. ಮನಸ್ಸಿಗೆ ನೋವಾದದ್ದು ಅಲ್ಲಿ. ಯಾವುದನ್ನು ಕೊಡಬಾರದೆಂದು ಟಾರ್ ಹಿಡಿದಿದ್ದೆನೋ ಅದನ್ನೇ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು.

ಒಗಟಿನ ಚಿತ್ರಗಳಲ್ಲಿ ಹುಡುಕಿ ಎನ್ನುವ ಅಗ್ನಿಶಾಮಕ ನೀರಿನ ಕೊಳಾಯಿ ಎಂದರೆ ಹೇಗಿರುತ್ತದೆ? ಅಮೆರಿಕದ ಫುಟ್‌ಪಾತಿನಲ್ಲಿ ಮೊಣಕಾಲೆತ್ತರ ನಿಂತಿರುವ ಕಬ್ಬಿಣದ ದಪ್ಪ ಕೊಳಾಯಿ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಬೀದಿಯಲ್ಲಿ ಹುಟ್ಟಿ ಬೆಳೆದವರು ಅದನ್ನು ಎಲ್ಲಿ ನೋಡಬೇಕು? ಅಲ್ಲಿನ ಹಳದಿ ಶಾಲಾ ಬಸ್ಸು, ಪಾರ್ಕಿಂಗ್ ಮೀಟರು, ತಂತಿಗೆ ನೇತಾಡುವ ಸಿಗ್ನಲ್ ದೀಪ, ಇವನ್ನೂ ಅಷ್ಟೆ. ರೀಕ್ಯಾಪ್ಚಾ ಕನ್ನಡದಲ್ಲಿ ಪ್ರಶ್ನೆ ಕೇಳಬಲ್ಲದು. ಚಿತ್ರಗಳು ಮಾತ್ರ ಅಲ್ಲಿಯವೇ. ಕಂಬಳಿ ನೇಯುವ ಮಗ್ಗ, ಶೇಂಗಾ ಬಣವೆ, ಕುರಿಹಟ್ಟಿ ಗುರುತು ಹಿಡಿಯಿರಿ ಎಂದಿದ್ದರೆ ನಮ್ಮ ಸೀಮೆಯ ಮಕ್ಕಳು ಕಣ್ಣು ಮುಚ್ಚಿ ಹೇಳುತ್ತಿದ್ದರು.

ಇಷ್ಟೆಲ್ಲ ಮಾಡಿ ಯಂತ್ರವನ್ನು ತಡೆದದ್ದೆಷ್ಟು? 2014ರಲ್ಲಿ ಗೂಗಲ್‌ನ ಸಂಶೋಧಕರೇ ತಮ್ಮ ಯಂತ್ರ ಅತಿ ಕಷ್ಟದ ಸೊಟ್ಟ ಅಕ್ಷರಗಳನ್ನು ಶೇ 99.8 ಸರಿಯಾಗಿ ಓದುತ್ತದೆ ಎಂದರು. 2017ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಧ್ವನಿ ಕ್ಯಾಪ್ಚಾವನ್ನು ಸುಮಾರು ಶೇ 85 ಸಲ ಭೇದಿಸಿದರು, ಅದೂ ಎಲ್ಲರಿಗೂ ಸಿಗುವ ಧ್ವನಿ ಗುರುತಿಸುವ ಸೇವೆಗಳಿಂದ. 2023ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದವರು 1,400 ಜನರಿಂದ ಒಗಟು ಬಿಡಿಸಿ ನೋಡಿದರು: ಯಂತ್ರಗಳೇ ಬೇಗ, ಯಂತ್ರಗಳೇ ಹೆಚ್ಚು ಸರಿ. 2024ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಸಂಶೋಧಕರು ಚಿತ್ರದ ಒಗಟುಗಳನ್ನು ಯಂತ್ರದಿಂದಲೇ ಶೇ 100 ಬಿಡಿಸಿ ತೋರಿಸಿದರು.

ಯಂತ್ರ ಬೇಡವೆಂದರೆ ಕೂಲಿಯವರಿದ್ದಾರೆ. 2010ರಲ್ಲಿ ಸ್ಯಾನ್ ಡಿಯಾಗೊದ ಸಂಶೋಧಕರು ಕ್ಯಾಪ್ಚಾ ಬಿಡಿಸಿಕೊಡುವ ಮಾರುಕಟ್ಟೆಯನ್ನೇ ಅಧ್ಯಯನ ಮಾಡಿದರು. ಸಾವಿರ ಒಗಟು ಬಿಡಿಸಲು ಬೆಲೆ ಒಂದು ಡಾಲರಿನ ಆಸುಪಾಸು, ಕೆಲವೆಡೆ ಅರ್ಧ ಡಾಲರು. ಬಿಡಿಸುತ್ತಿದ್ದವರಲ್ಲಿ ಭಾರತೀಯರೂ ಇದ್ದರು. ಅಂದರೆ ದುಡ್ಡಿರುವ ಕಳ್ಳ ಒಳಗೆ ಹೋಗುತ್ತಾನೆ. ಟಾರ್ ಹಿಡಿದು ಕೂತ ವಿದ್ಯಾರ್ಥಿನಿ ಹೊರಗೇ ಉಳಿಯುತ್ತಾಳೆ.

ಈ ವಿದ್ಯಾರ್ಥಿನಿ ಯಾಕೆ ಟಾರ್ ಹಿಡಿಯಬೇಕು ಎಂದು ಕೇಳುವವರಿದ್ದಾರೆ. ಮನೆಗೆಲ್ಲ ಒಂದೇ ಫೋನು ಇರುವ ಹಳ್ಳಿಯ ಹುಡುಗಿ ಎಂದುಕೊಳ್ಳಿ. ಮುಟ್ಟಿನ ತೊಂದರೆ, ಗರ್ಭನಿರೋಧಕ, ಮನಸ್ಸಿನ ಬೇನೆ, ಇಷ್ಟವಿಲ್ಲದ ಮದುವೆಯಿಂದ ಬಿಡಿಸಿಕೊಳ್ಳುವ ಕಾನೂನು, ಇವುಗಳ ಬಗ್ಗೆ ಅವಳು ಓದಬೇಕು. ಓದಿದ್ದು ಬ್ರೌಸರಿನ ಇತಿಹಾಸದಲ್ಲಿ ಉಳಿಯಬಾರದು, ನಾಳೆ ಅಣ್ಣ ಫೋನು ತೆಗೆದಾಗ ಅದೇ ವಿಷಯದ ಜಾಹೀರಾತು ಕಾಣಬಾರದು. ಅವಳು ಯಾವ ತಪ್ಪನ್ನೂ ಮುಚ್ಚಿಡುತ್ತಿಲ್ಲ. ಅವಳಿಗೆ ತನ್ನದೆಂಬ ಒಂದಿಷ್ಟು ಜಾಗ ಬೇಕು, ಅಷ್ಟೆ.

ಕಣ್ಣು ಕಾಣದವರ ಕಷ್ಟ ಇಮ್ಮಡಿ. ಚಿತ್ರದ ಬದಲು ಧ್ವನಿಯ ಒಗಟು ಕೇಳುವ ಅವಕಾಶವಿದೆ ನಿಜ. ಆದರೆ ಟಾರ್‌ನಿಂದ ಬಂದವರು ಆ ಹೆಡ್‌ಫೋನ್ ಗುರುತನ್ನು ಒತ್ತಿದರೆ, ನಿಮ್ಮ ನೆಟ್‌ವರ್ಕಿನಿಂದ ಯಂತ್ರದ ಕೋರಿಕೆಗಳು ಬರುತ್ತಿವೆ, ಆಮೇಲೆ ಬನ್ನಿ ಎಂಬ ಉತ್ತರ ಬರುವುದುಂಟು. ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಆಸಿಡ್ ದಾಳಿಗೆ ಒಳಗಾಗಿ ಕಣ್ಣು ಮಿಟುಕಿಸಲಾರದವರು ಕೆವೈಸಿ ಕ್ಯಾಮೆರಾದ ಮುಂದೆ ‘ಜೀವಂತ ಮನುಷ್ಯ’ ಎಂದು ತೋರಿಸಲಾಗದೆ ಹೋದದ್ದು ಆ ಕೇಸಿನ ಹಿಂದಿನ ಕಥೆ.

ದಿನಕ್ಕೆ 500 ವರ್ಷ! 2021ರಲ್ಲಿ ಕ್ಲೌಡ್‌ಫ್ಲೇರ್‌ನವರೇ ಹಾಕಿದ ಅಂದಾಜು ಇದು. ಒಂದು ಕ್ಯಾಪ್ಚಾಗೆ ಸರಾಸರಿ 32 ಸೆಕೆಂಡು, ಒಬ್ಬರಿಗೆ ಹತ್ತು ದಿನಕ್ಕೊಂದು, ಅಂತರ್ಜಾಲ ಬಳಸುವವರು 460 ಕೋಟಿ. ಗುಣಿಸಿದರೆ ಮನುಕುಲ ಒಂದೊಂದು ದಿನವೂ ಸುಮಾರು 500 ವರ್ಷದಷ್ಟು ಹೊತ್ತನ್ನು ಈ ಒಗಟಿಗೆ ಸುರಿಯುತ್ತಿದೆ. ಟಾರ್ ಬಳಸುವವರಿಗೆ ಹತ್ತು ದಿನಕ್ಕೊಂದು ಎಂಬ ಲೆಕ್ಕ ಅನ್ವಯಿಸದು.

ಟಾರ್ ಮುಟ್ಟದವರಿಗೂ ಈ ಕಾಟ ತಪ್ಪಿದ್ದಲ್ಲ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ. ಹಂಚಲು ಉಳಿದಿದ್ದ ಕೊನೆಯ ಗಂಟು ಖಾಲಿಯಾದದ್ದು 2011ರಲ್ಲಿ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುತ್ತವೆ. ಚಳ್ಳಕೆರೆಯ ನೆಹರು ವೃತ್ತದಲ್ಲಿ ನಿಂತು ನೀವು ಏನನ್ನೋ ಹುಡುಕಿದಾಗ ‘ನಿಮ್ಮ ನೆಟ್‌ವರ್ಕಿನಿಂದ ಅಸಹಜ ದಟ್ಟಣೆ’ ಎಂದು ತಡೆದರೆ, ಕಾರಣ ನಿಮ್ಮದೇ ವಿಳಾಸದಿಂದ ಹೋದ ಇನ್ಯಾರೋ ಅಪರಿಚಿತರು. ಟಾರ್‌ನವರಿಗೆ ನಿತ್ಯ ಆಗುವುದು ನಿಮಗೆ ಒಂದು ಸಲ ಆಯಿತು.

ಸರ್ಕಾರಿ ತಾಣಗಳದ್ದು ಬೇರೆ ಕಥೆ. ನಮ್ಮ ಹಲವು ಸರ್ಕಾರಿ ತಾಣಗಳು ವಿದೇಶದ ವಿಳಾಸಕ್ಕೆ ತೆರೆಯುವುದೇ ಇಲ್ಲ. ಟಾರ್‌ನ ಕೊನೆಯ ಬಾಗಿಲು ಹೆಚ್ಚಾಗಿ ಯುರೋಪು, ಅಮೆರಿಕದಲ್ಲಿರುವುದರಿಂದ, ಮೊಳಕಾಲ್ಮುರಿನಲ್ಲಿ ಕೂತವರೂ ಆ ತಾಣಗಳಿಗೆ ಜರ್ಮನಿಯವರ ಹಾಗೆ ಕಾಣುತ್ತಾರೆ. ಅಲ್ಲಿ ಕ್ಯಾಪ್ಚಾ ಕೂಡ ಸಿಗದು, ಬರೀ ಖಾಲಿ ಪುಟ.

ಕನ್ನಡ ವಿಕಿಪೀಡಿಯವನ್ನು ಟಾರ್‌ನಲ್ಲಿ ಓದಬಹುದು, ತಿದ್ದಲಾಗದು. 2003ರಲ್ಲಿ ಶುರುವಾದ ಅದಕ್ಕೂ ಉಳಿದೆಲ್ಲ ವಿಕಿಪೀಡಿಯಗಳ ನಿಯಮವೇ. ಬರೆಯಲೇಬೇಕೆಂದರೆ ವಿಶೇಷ ವಿನಾಯಿತಿ ಕೇಳಿ ಪಡೆಯಬೇಕು. ಇದೊಂದು ಸಲ ನನಗೆ ಎರಡೂ ಕಡೆಯ ನ್ಯಾಯ ಕಾಣುತ್ತದೆ. ಅಲ್ಲಿ ಹಾಳುಗೆಡವುವವರ ಹಿಂದೆ ಓಡಿ ಸರಿಪಡಿಸುವವರು ಸಂಬಳವಿಲ್ಲದ ಕೆಲವೇ ಜನ.

ಹೆಸರು ಹೇಳದೆ ಮಾತಾಡುವುದಕ್ಕೆ ಕನ್ನಡದಲ್ಲಿ ಹಳೆಯ ಪದವಿದೆ: ಮೂಗರ್ಜಿ. ಕಚೇರಿಗಳಲ್ಲಿ ಅದಕ್ಕೆ ಬೆಲೆ ಕಡಿಮೆ. ಆದರೂ ಬಲ್ಲವರಿಗೆ ಗೊತ್ತು, ತಾಲ್ಲೂಕಿನ ಎಷ್ಟೋ ಅಕ್ರಮಗಳು ಮೊದಲು ಹೊರಬಿದ್ದದ್ದು ಹೆಸರಿಲ್ಲದ ಕಾಗದದಿಂದ. ಮಾಹಿತಿ ಹಕ್ಕಿನ ಅರ್ಜಿದಾರರು ಮನೆ ವಿಳಾಸ ಕೊಡಲೇಬೇಕಿಲ್ಲ, ಅಂಚೆ ಪೆಟ್ಟಿಗೆ ಸಂಖ್ಯೆ ಸಾಕು ಎಂದು ಕಲ್ಕತ್ತಾ ಹೈಕೋರ್ಟ್ 2013ರಲ್ಲಿ ಹೇಳಿತು. ಪತ್ರಿಕೆಗಳಿಗೆ ಗುಟ್ಟಾಗಿ ದಾಖಲೆ ತಲುಪಿಸಲೆಂದೇ ಮಾಡಿದ ಸೆಕ್ಯೂರ್‌ಡ್ರಾಪ್ ಎಂಬ ವ್ಯವಸ್ಥೆ ಟಾರ್ ಮೇಲೆ ನಿಂತಿದೆ. ಅದರ ಮೂಲ ಕೋಡ್ ಬರೆದವರಲ್ಲಿ ಒಬ್ಬರು ಆರನ್ ಸ್ವಾರ್ಟ್ಜ್.

ಖಾಸಗಿತನ ಮೂಲಭೂತ ಹಕ್ಕು ಎಂದು ಇಡೀ ದೇಶಕ್ಕೆ ಹೇಳಿಸಿದವರು ನಮ್ಮ ರಾಜ್ಯದವರು, ಗೊತ್ತೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಮ್ಮಲ್ಲಿ ಟಾರ್ ಬ್ರೌಸರ್ ಬಳಸುವುದನ್ನು ನಿಷೇಧಿಸುವ ಕಾನೂನಿಲ್ಲ. ಬೇರೊಂದು ಕಂಪ್ಯೂಟರಿನ ಮೂಲಕ ಹಾಯಿಸಿ ವಿಳಾಸ ಮರೆಮಾಡುವ ವಿಪಿಎನ್ ಕಂಪನಿಗಳಿಗೆ ಮಾತ್ರ ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಿ ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಹಲವು ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನೇ ಕಿತ್ತುಕೊಂಡು ಹೋದವು.

ದಾರಿಗಳು ಇಲ್ಲವೆಂದಲ್ಲ. 2017ರಲ್ಲಿ ಪ್ರೈವಸಿ ಪಾಸ್ ಎಂಬ ಉಪಾಯ ಬಂತು: ಒಮ್ಮೆ ಒಗಟು ಬಿಡಿಸಿದರೆ ಒಂದು ಕಟ್ಟು ಟೋಕನ್, ಮುಂದಿನ ಬಾಗಿಲುಗಳಲ್ಲಿ ಒಂದೊಂದು ಕೊಟ್ಟು ಒಳಗೆ ಹೋಗಬಹುದು. ಟೋಕನ್ ಕೊಟ್ಟವರಿಗೂ ಯಾವುದು ಯಾರದೆಂದು ತಿಳಿಯದಂತೆ ಗಣಿತ ಕಾಯುತ್ತದೆ. 2024ರಲ್ಲಿ ಅದು ಅಂತರ್ಜಾಲದ ಅಧಿಕೃತ ಮಾನದಂಡವಾಯಿತು. ಆಪಲ್ ಇದನ್ನೇ ಹೋಲುವ ಏರ್ಪಾಡನ್ನು ತನ್ನ ಫೋನುಗಳಲ್ಲಿ ತಂದಿದೆ. ದುಬಾರಿ ಫೋನೇ ಮನುಷ್ಯತ್ವದ ಸಾಕ್ಷಿಯಾಗಿಬಿಟ್ಟರೆ ಆರೇಳು ಸಾವಿರದ ಫೋನಿನವರ ಗತಿ ಏನು ಎಂಬ ಆತಂಕ ನನಗಿದೆ.

ಇನ್ನೊಂದು ದಾರಿ, ಮನುಷ್ಯನ ಬದಲು ಕಂಪ್ಯೂಟರಿಗೇ ದುಡಿಮೆ ಕೊಡುವುದು. ಟಾರ್ 2023ರ ಆಗಸ್ಟ್‌ನಲ್ಲಿ ಇದನ್ನು ತನ್ನ ಒಳಗಿನ ‘ಆನಿಯನ್’ ತಾಣಗಳಿಗೆ ತಂದಿತು. ತಾಣದ ಮೇಲೆ ದಾಳಿಯಾದಾಗ ಮಾತ್ರ, ಬರುವ ಪ್ರತಿಯೊಬ್ಬರ ಯಂತ್ರಕ್ಕೂ ಸಣ್ಣ ಲೆಕ್ಕ. ಓದುಗರಿಗೆ ಕ್ಷಣಕಾಲ ತಡ, ಲಕ್ಷ ಸಲ ಬಡಿಯುವ ದಾಳಿಕೋರನಿಗೆ ಲಕ್ಷ ಲೆಕ್ಕ. ಯಾರೂ ಕಣ್ಣು ಕಿರಿದು ಮಾಡಿಕೊಂಡು ಬಸ್ಸು ಹುಡುಕಬೇಕಿಲ್ಲ, ಯಾರೂ ಹೆಸರು ಹೇಳಬೇಕಿಲ್ಲ. ನನಗೆ ಅತಿ ನ್ಯಾಯವಾಗಿ ಕಂಡ ಪರಿಹಾರ ಇದೇ. ಬಿಬಿಸಿ 2019ರಿಂದ, ಫೇಸ್‌ಬುಕ್ 2014ರಿಂದಲೇ ಆನಿಯನ್ ವಿಳಾಸ ಇಟ್ಟುಕೊಂಡಿವೆ. ಅಲ್ಲಿಗೆ ಹೋಗುವವರು ಕೊನೆಯ ಬಾಗಿಲನ್ನು ದಾಟಿ ಬರಬೇಕಾಗಿಯೇ ಇಲ್ಲ.

ಇಂದು ರಾತ್ರಿಯೇ ಒಗಟಿನ ಮುಂದೆ ಸಿಕ್ಕಿಬಿದ್ದವರಿಗೆ: ಟಾರ್ ಬ್ರೌಸರಿನ ವಿಳಾಸಪಟ್ಟಿಯ ಪಕ್ಕದ ಗುರುತನ್ನು ಒತ್ತಿದರೆ, ಈ ತಾಣಕ್ಕೆ ಹೊಸ ದಾರಿ ಹಿಡಿಯುವ ಆಯ್ಕೆ ಸಿಗುತ್ತದೆ. ಬಾಗಿಲು ಬದಲಾದರೆ ಕೆಲವು ಸಲ ಕೆಟ್ಟ ಹೆಸರೂ ಬದಲಾಗುತ್ತದೆ. ಭದ್ರತೆಯ ಮಟ್ಟ ಅತಿ ಮೇಲಿದ್ದರೆ ಜಾವಾಸ್ಕ್ರಿಪ್ಟ್ ನಿಂತಿರುತ್ತದೆ, ಆಗ ಕ್ಯಾಪ್ಚಾ ಮೂಡುವುದೇ ಇಲ್ಲ, ಕಾದು ಕೂರಬೇಡಿ. ನಿಮ್ಮ ಹೆಸರಿನಲ್ಲೇ ಇರುವ ಬ್ಯಾಂಕು, ಆಧಾರ್ ಕೆಲಸಕ್ಕೆ ಟಾರ್ ಬೇಡ. ಅಲ್ಲಿ ನೀವು ಯಾರೆಂದು ಹೇಗೂ ಗೊತ್ತು, ಹೊಸ ಊರಿನ ವಿಳಾಸ ಕಂಡರೆ ಖಾತೆಗೆ ಬೀಗ ಬೀಳಬಹುದು.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ತಾಣ ನಡೆಸುವವರೂ ಇದನ್ನು ಓದುತ್ತಿರಬಹುದು: ಸೀರೆ ಅಂಗಡಿಯವರು, ನೇಕಾರರ ಸಂಘದವರು, ಶಾಲೆಯವರು. ನಿಮ್ಮ ತಾಣಕ್ಕೆ ಕ್ಲೌಡ್‌ಫ್ಲೇರ್ ಕಾವಲಿದ್ದರೆ, ಅದರ ಪಟ್ಟಿಯಲ್ಲಿ ಟಾರ್ ಒಂದು ದೇಶದ ಹಾಗೆ ನಮೂದಾಗಿರುತ್ತದೆ. ಸಂಕೇತ ‘ಟಿ1’. ಆ ದೇಶದವರಿಗೆ ಒಗಟು ಬೇಡ, ಬಿಡಿ ಎಂದು ನಿಯಮ ಬರೆಯಲು ಐದು ನಿಮಿಷ ಸಾಕು. ಲಾಗಿನ್ ಪುಟಕ್ಕೆ ಕಾವಲು ಇರಲಿ. ಸೀರೆಯ ಚಿತ್ರ ನೋಡಲು, ಬೆಲೆ ಕೇಳಲು, ಶಾಲೆಯ ಪ್ರಕಟಣೆ ಓದಲು ಬಂದವರನ್ನು ಹಾಗೇ ಒಳಗೆ ಬಿಡಿ.